ಪರದೆ ತುಂಬುವ ಮೊದಲೇ

ಯುನಿಕ್ಸ್ ಎಂಬ ಹೆಸರನ್ನು ಚಿಕ್ಕೋಡಿ ತಾಲೂಕಿನಲ್ಲಿ ಮೊದಲು ಬಾಯಿಬಿಟ್ಟು ಹೇಳಿದವನು ನಾನೇ ಎಂದು ಈಗಲೂ ನಂಬಿದ್ದೇನೆ. ಬೇರೆ ಯಾರಾದರೂ ಹಕ್ಕು ಸಾಧಿಸಲು ಬಂದರೆ ಬರಲಿ, ಮಾತಾಡೋಣ. ಎಂಬತ್ತರ ದಶಕ ಮುಗಿಯುತ್ತಿದ್ದಾಗ ಗಡಿಭಾಗದ ಒಂದು ಸಕ್ಕರೆ ಕಾರ್ಖಾನೆಯ ಕಂಪ್ಯೂಟರ್ ಕೋಣೆಯಲ್ಲಿದ್ದೆ. ಕೋಣೆಯೆಂದರೆ ನಾನು, ಒಂದು ಏಸಿ, ಯುನಿಕ್ಸ್ ಎಂಬ ವ್ಯವಸ್ಥೆಯಲ್ಲಿ ನಡೆಯುವ ಒಂದು ಕಂಪ್ಯೂಟರ್ ಪೆಟ್ಟಿಗೆ. ಚಪ್ಪಲಿ ಹೊರಗೆ ಬಿಟ್ಟು ಬರಬೇಕೆಂಬ ನಿಯಮವನ್ನೂ ನಾನೇ ಮಾಡಿದ್ದೆ. ಚೇರ್ಮನ್ನರೂ ಬಿಡುತ್ತಿದ್ದರು.

ಕಬ್ಬಿನ ನೋಂದಣಿಯೆಲ್ಲ ದೂರದ ನಗರದ ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರಿನಲ್ಲಿ ಇರಬೇಕೆಂದು ಆ ವರ್ಷ ತೀರ್ಮಾನವಾಯಿತು. ಅದರೊಡನೆ ಮಾತಾಡಲು ಅದರದೇ ಜಾತಿಯ ಟರ್ಮಿನಲ್ ಬೇಕು, ಅದರದೇ ಪರದೆ, ಅದರದೇ ಕೀಬೋರ್ಡು. ತರಿಸುವುದು ಆಗದ ಮಾತು. "ಏನೂ ಬ್ಯಾಡ್ರಿ, ನಮ್ಮ ಪೆಟಗೀನ ಟರ್ಮಿನಲ್ ವೇಷ ಹಾಕ್ತೈತಿ" ಎಂದು ಮ್ಯಾನೇಜರಿಗೆ ಹೇಳಿದೆ. ವೇಷ ಹಾಕಿಸುವ ಪ್ರೋಗ್ರಾಮ್ ಸಿಕ್ಕಿತು. ಯಾವ ಕೀ ಒತ್ತಿದರೆ ಏನಾಗಬೇಕು ಎಂಬುದನ್ನು ಮಾತ್ರ ಒಂದು ಫೈಲಿನಲ್ಲಿ ನಾವೇ ಬರೆದುಕೊಡಬೇಕಿತ್ತು. ಒಂದೇ ಮಧ್ಯಾಹ್ನದಲ್ಲಿ ಬರೆದು ಬಿಸಾಕಿದೆ. ಫೋನ್ ಲೈನಿನ ಆಚೆಯಿಂದ ಹಸಿರು ಅಕ್ಷರ ಮೂಡಿದಾಗ ಖುಷಿಗೆ ಮೇಜು ಗುದ್ದಿದೆ. ಅಸಲಿ ಟರ್ಮಿನಲ್ಲನ್ನು ನಾನು ಕಣ್ಣಿಂದ ನೋಡಿರಲೇ ಇಲ್ಲ. ಅದರಿಂದ ನನಗೇನೂ ಅಳುಕಿರಲಿಲ್ಲ.

ಅದರ ಮುಂದೆ ಕೂರಲು ಬಂದವರು ನೋಂದಣಿ ಖಿಡಕಿಯಲ್ಲಿ, ಅಂದರೆ ಕಿಟಕಿಯಲ್ಲಿ, ಕೂರುತ್ತಿದ್ದ ಟೈಪಿಸ್ಟ್ ಬಾಯಿ; ಹೆಂಗಸರನ್ನು ನಮ್ಮಲ್ಲಿ ಗೌರವದಿಂದ ಬಾಯಿ ಎನ್ನುತ್ತೇವೆ. ಸದಲಗಾದವರು, ವಿಧವೆ, ಹದಿನಾಲ್ಕು ವರ್ಷದಿಂದ ಅದೇ ಖಿಡಕಿಯಲ್ಲಿ ಹಂಗಾಮಿ ನೌಕರಿ. ಏಕಸಂಬಿಯಿಂದಲೋ ಶಿರಗುಪ್ಪಿಯಿಂದಲೋ ರೈತ ಬಂದರೆ ಚೀಟಿ ಟೈಪ್ ಮಾಡಿ, ಗಟ್ಟಿಯಾಗಿ ಓದಿ ಹೇಳುವರು. ಹೆಸರು, ಊರು, ಹೊಲದ ನಂಬರು, ಹೊಸ ನಾಟಿಯೋ ಕಡಿದ ಬುಡದಿಂದ ಚಿಗುರಿದ ಕುಳೆಯೋ, ಎಲ್ಲ. ಎಲ್ಲ ಸರಿಯಿದ್ದರೆ ರೈತ "ಬರೋಬ್ಬರಿ ಐತ್ರಿ" ಎನ್ನಬೇಕು, ಆಮೇಲೆಯೇ ಶಿಕ್ಕಾ, ಅಂದರೆ ಮೊಹರು, ಬೀಳುವುದು. ಎಷ್ಟೇ ಗದ್ದಲವಿರಲಿ, ಓದದೆ ಶಿಕ್ಕಾ ಒತ್ತಿದ್ದನ್ನು ಯಾರೂ ಕಂಡಿಲ್ಲ. ನನಗೆ ಇದು ಬರೀ ಕಾಲಹರಣವಾಗಿ ಕಾಣುತ್ತಿತ್ತು.

ಕಬ್ಬು ನುರಿಯುವುದು ಸುರುವಾಗುವುದರೊಳಗೆ ಮಷಿನ್ ಕಲಿತರೆ ನೌಕರಿ ಕಾಯಂ, ಇಲ್ಲದಿದ್ದರೆ ರಾಯಬಾಗ ಕಡೆಯ ಆಫೀಸಿಗೆ ವರ್ಗ ಎಂದು ಮ್ಯಾನೇಜರು ಅವರಿಗೆ ಹೇಳಿದ್ದರು. ಸದಲಗಾದಿಂದ ಅಲ್ಲಿಗೆ ದಿನಾ ಹೋಗಿಬರುವುದು ಆಗದು. ವರ್ಗವೆಂದರೆ ನೌಕರಿ ಬಿಡು ಎಂದೇ ಅರ್ಥ.

ಬಾಯಿ ಕಲಿಯಲಿಲ್ಲ. ಮೇನ್‌ಫ್ರೇಮಿನ ರೀತಿಯೇ ಬೇರೆ; ಇಡೀ ಪರದೆ ತುಂಬಿಸಿ, ಆಮೇಲೆ ಒಮ್ಮೆಲೇ ಕಳಿಸಬೇಕು. ಇವರು ರೈತನ ಹೆಸರು ಬರೆದ ತಕ್ಷಣ ದೊಡ್ಡ ಎಂಟರ್ ಕೀ ಒತ್ತುವರು. ಅರ್ಧ ಖಾಲಿ ಪರದೆ ನಗರಕ್ಕೆ ಹೋಗಿ, ನಿಧಾನವಾಗಿ, ತಪ್ಪೆಂದು ವಾಪಸು ಬರುವುದು. "ಮುಂದಿನ ಸಾಲಿಗಿ ಟ್ಯಾಬ್ ಒತ್ರಿ, ಎಂಟರ್ ಅಲ್ಲ!" ಎಂದು ನಾನು ಕೂಗುವೆ. ಎರಡು ಸಾಲು ನೆಟ್ಟಗೆ ಹೋಗುವುದು, ಮೂರನೆಯದಕ್ಕೆ ಕೈ ಮತ್ತೆ ಅಲ್ಲಿಗೇ. ತಲೆ ಕೆಟ್ಟು, ಇವರು ಈ ಕೆಲಸಕ್ಕೆ ಲಾಯಕ್ಕಿಲ್ಲ ಎಂದು ಮ್ಯಾನೇಜರಿಗೆ ಪತ್ರ ಬರೆದೆ. ಆಫೀಸಿನ ಪತ್ರಗಳನ್ನೆಲ್ಲ ಬಾಯಿಯೇ ಟೈಪ್ ಮಾಡುತ್ತಿದ್ದುದರಿಂದ ಇದೊಂದನ್ನು ಕೈಯಲ್ಲೇ ಬರೆದು ಕಳಿಸಿದೆ.

ನಾಲ್ಕು ದಿನ ಬಿಟ್ಟು ಬಾಯಿ ಕೇಳಿದರು: "ಸಾಲು ಮುಗಿದ್ರ ಟೈಪರಾಯಟರ್ ಮುಂದಿನ ಸಾಲಿಗಿ ಹೊಕ್ಕೈತ್ರಿ. ನಿಮ್ಮದು ಸೀದಾ ಊರ ಬಿಟ್ಟ ಹೊಕ್ಕೈತಿ. ಅಸಲಿ ಮಷಿನ್‌ದಾಗೂ ಹಿಂಗ ಐತೇನ್ರಿ?"

"ಪುಸ್ತಕದಾಗ ತೋರಸ್ತೀನಿ, ತಡೀರಿ" ಎಂದು ಹೋದೆ. ಅವರ ಬಾಯಿ ಮುಚ್ಚಿಸಲೇಬೇಕಿತ್ತು. ಕೈಪಿಡಿಯ ಮಸುಕಾದ ಜೆರಾಕ್ಸಿನಲ್ಲಿ ಕೀಬೋರ್ಡಿನ ಚಿತ್ರ ಹುಡುಕಿದೆ. ನಮ್ಮ ದೊಡ್ಡ ಎಂಟರ್ ಕೀ ಇರುವ ಜಾಗದಲ್ಲಿ ಅಲ್ಲೊಂದು ಡೊಂಕು ಬಾಣವಿತ್ತು. ಅದರ ಕೆಲಸ ಮುಂದಿನ ಸಾಲಿಗೆ ಹೋಗುವುದು, ಅಷ್ಟೇ. ಕಳಿಸುವ ಎಂಟರ್ ಬೇರೆಯೇ ಇತ್ತು, ಕೆಳಗೆ, ಬಲಗಡೆ. ಎರಡೂ ಒಂದೇ ಎಂದುಕೊಂಡು ಆ ಮಧ್ಯಾಹ್ನ ಫೈಲು ಬರೆದವನು ನಾನು. ಯುನಿಕ್ಸಿನಲ್ಲಿ ಒಂದು ಸಾಲು ಬರೆದು ಎಂಟರ್ ಒತ್ತಿದರೆ ಉತ್ತರ ಬರುತ್ತದೆ. ನನ್ನ ಸ್ವಭಾವವೂ ಹಾಗೆಯೇ. ಟೈಪ್‌ರೈಟರಿನ ರೂಢಿಯಿಂದ ಬಾಯಿಯ ಕೈಗೆ ಅಸಲಿ ಟರ್ಮಿನಲ್ಲಿನ ರೀತಿ ಮೊದಲೇ ಗೊತ್ತಿತ್ತು. ನಾಚಿಕೆಯಾಯಿತು, ನಿಜವಾಗಿ ಆಯಿತು.

ತಿದ್ದಲು ಎರಡೇ ಸಾಲು ಸಾಕಾಯಿತು. ಕಳಿಸುವುದಕ್ಕೆ ಯಾವ ಕೀ ಇಡಲಿ ಎಂದು ಅವರನ್ನೇ ಕೇಳಿದೆ. ಅಂಕಿಗಳ ಪಕ್ಕದ, ಬಲಗಡೆ ಕೊನೆಯ ಕೀ ತೋರಿಸಿದರು. "ಕೈ ಎತ್ತಿ ಒತ್ತೂವಂಗ ಇರ್ಲಿ. ಅಷ್ಟರಾಗ ಒಮ್ಮೆ ಓದಿ ನೋಡಾಕ ಬರ್ತೈತಿ." ಅಂದು ಸಂಜೆಯವರೆಗೆ ಒಂದು ಪರದೆಯೂ ವಾಪಸು ಬರಲಿಲ್ಲ. ಮ್ಯಾನೇಜರಿಗೆ ಹೋಗಿ ಹೇಳಿದೆ. "ಬರದ ಕೊಡ್ರಿ, ಕಾಯಂ ಮಾಡೂಣು" ಎಂದರು.

ಮರುದಿನ ಹೊಸ ಪತ್ರದ ಕರಡು ಹಿಡಿದು ಖಿಡಕಿಗೆ ಹೋದೆ. ಬಾಯಿ ಅದನ್ನು ನೋಡಿ, ಫೈಲು ತೆಗೆದು, ನನ್ನ ಕೈಬರಹದ ಹಳೆಯ ಪತ್ರವನ್ನು ಹೊರತೆಗೆದರು. "ಇದಕ್ಕ ಜೋಡಿಸಬೇಕಲ್ರಿ?" ಬಂದ ಪತ್ರಗಳನ್ನು ಫೈಲಿಗೆ ಹಾಕುವವರೂ ಅವರೇ ಎಂಬುದು ಜಾಣನಾದ ನನಗೆ ಹೊಳೆದಿರಲಿಲ್ಲ.

"ಓದೀರೇನ್ರಿ?" ಎಂದೆ.

"ಬಂದ ದಿನಾನ ಓದೀನ್ರಿ."

"ಮತ್ತ ಯಾಕ ಏನೂ ಕೇಳಲಿಲ್ಲ?"

"ಮಷಿನ್ ಬಗ್ಗೆ ಕೇಳಿದ್ನೆಲ್ರಿ" ಎಂದು ಟೈಪಿಂಗಿಗೆ ಕೂತರು.

ಖಿಡಕಿಯಾಚೆ ಮೂವರು ರೈತರು ನಿಂತಿದ್ದರು. ಬಾಯಿ ಕಾಗದ ಎಳೆದು, ದಿನಾ ಓದುವ ಗಟ್ಟಿ ದನಿಯಲ್ಲೇ ಓದಿದರು: ಕೀಗಳನ್ನು ತಪ್ಪಾಗಿ ಜೋಡಿಸಿದ್ದು ನಾನು, ದೋಷ ಈ ನೌಕರರದ್ದಲ್ಲ, ಹಿಂದಿನ ಪತ್ರವನ್ನು ರದ್ದು ಮಾಡಬೇಕು. ಪೂರ್ತಿ ಓದಿ, ಶಿಕ್ಕಾ ಕೈಯಲ್ಲಿ ಹಿಡಿದು ನನ್ನ ಮುಖ ನೋಡುತ್ತ ಕಾದರು. ರೈತರೂ ನೋಡುತ್ತಿದ್ದರು.

"ಬರೋಬ್ಬರಿ ಐತ್ರಿ" ಎಂದೆ. ಆಮೇಲೆ ಶಿಕ್ಕಾ ಒತ್ತಿದರು.