ಬ್ಲೀಚಿಂಗಮ್ಮನ ಬಾಟಲಿ

ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಆಕೆಗೆ ಬ್ಲೀಚಿಂಗಮ್ಮ ಎಂದೇ ಹೆಸರು. ರಕ್ತ, ಕೀವು ಯಾವುದಕ್ಕೂ ಹೇಸದ ಗಟ್ಟಿಗಿತ್ತಿ. ಬಾಯಿಯಂತೂ ಕೇಳಲೇಬೇಡಿ. "ನನ್ನ ತೊಟ್ಟಿಗೆ ಬಿದ್ಮೇಲೆ ಎಂಥಾ ರೋಗಾನೂ ಗೊಟಕ್!" ಎಂದು ಊಟದ ಹೊತ್ತಿನಲ್ಲೂ ಕೊಚ್ಚಿಕೊಳ್ಳುತ್ತಿದ್ದಳು. ಮನೆಯ ಬಚ್ಚಲಲ್ಲೂ ಆ ಬ್ಲೀಚಿಂಗ್ ನೀರಿನ ಬಾಟಲಿ ಇರಲೇಬೇಕು.

ತಂಗಿ ತೀರಿಕೊಂಡ ಮೇಲೆ ಅವಳ ಮಗಳನ್ನು ಸಾಕಿದವಳು ಈಕೆಯೇ. ಹುಡುಗಿ ದೊಡ್ಡವಳಾದಾಗ ಕೊಟ್ಟ ಬುದ್ಧಿಮಾತು ಒಂದೇ: "ಆ ಜಾಗದಲ್ಲೆಲ್ಲ ರೋಗ ಬರೋದು ಕೆಟ್ಟವರಿಗೆ. ಹಂಗೇನಾದ್ರೂ ಆದ್ರೆ ಈ ಹೊಸ್ತಿಲು ತುಳೀಬೇಡ." ಅಷ್ಟಕ್ಕೆ ತನ್ನ ಜವಾಬ್ದಾರಿ ಮುಗಿಯಿತೆಂದುಕೊಂಡಳು, ಪುಣ್ಯಾತ್ಗಿತ್ತಿ!

ಒಂದು ಭಾನುವಾರ ಹಗ್ಗದ ಮೇಲಿದ್ದ ಹುಡುಗಿಯ ಒಳಬಟ್ಟೆ ನೋಡಿ ಬ್ಲೀಚಿಂಗಮ್ಮ ಅದನ್ನು ಎಳೆದುಕೊಂಡಳು. ಬ್ಲೀಚ್ ತಿಂದ ಬಿಳಿ ಕಲೆ. ಬ್ಲೀಚಲ್ಲಿ ಒಗೆದಿದ್ದರೆ ಇಡೀ ಬಟ್ಟೆ ಬಣ್ಣಗೆಡಬೇಕಿತ್ತು. ಇದು ಒಂದೇ ಕಡೆ, ಮೈಯಿಂದ ಇಳಿದದ್ದು.

"ಏನೇ ಮಾಡ್ಕೊಂಡೆ?"

ಹುಡುಗಿ ಗೋಡೆಗೆ ಅಂಟಿ ನಿಂತಳು. "ತುರಿಕೆ ಇತ್ತು ದೊಡ್ಡಮ್ಮ. ರೋಗ ಅಂತ ಹೆದರಿ ನಿನ್ನ ಬಾಟ್ಲಿ ನೀರಲ್ಲಿ ತೊಳ್ಕೊಂಡೆ. ನಾನೇನೂ ತಪ್ಪು ಮಾಡಿಲ್ಲ, ಆಣೆಗೂ! ಉರಿ ತಡೆಯೋಕಾಗ್ತಿಲ್ಲ."

ಬ್ಲೀಚಿಂಗಮ್ಮ ಬಯ್ಯಲು ನಿಲ್ಲಲಿಲ್ಲ. ಹುಡುಗಿಯನ್ನು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದಳು.

"ಇದು ಯಾರಿಂದಲೋ ಅಂಟಿದ್ದಲ್ಲ," ಎಂದರು ಡಾಕ್ಟರಮ್ಮ. "ಎಷ್ಟೋ ಹೆಣ್ಮಕ್ಕಳಿಗೆ ಆಗೋ ಸೋಂಕು, ಔಷಧಿಗೆ ಹೋಗ್ತಿತ್ತು. ಈಗ ಚರ್ಮ ಸುಟ್ಟಿದೆ, ವಾಸಿಯಾಗೋಕೆ ದಿನ ಬೇಕು. ಯಾರಿಂದಾದ್ರೂ ಅಂಟಿದ್ದೇ ಆದ್ರೂ ಬರಬೇಕಾದ್ದು ಇಲ್ಲಿಗೇ. ಬ್ಲೀಚಲ್ಲಿ ತೊಳ್ಕೋ ಅಂತ ಹೇಳಿದ್ಯಾರು?"

ಹುಡುಗಿ ದೊಡ್ಡಮ್ಮನ ಕಡೆ ನೋಡಿದಳು.

"ನಾನೇ, ಈ ಮಹಾತಾಯಿ. ನನ್ನ ಬಾಯಿಂದ್ಲೇ ಕಲಿತಳು," ಎಂದಳು ಬ್ಲೀಚಿಂಗಮ್ಮ. ನಾಚಿಕೆಯಿಂದ ಹಿಡಿಯಾಗಿದ್ದರೂ, ಸದ್ಯ, ಮಗು ಉಳಿಯಿತಲ್ಲ ಎಂದು ಉಸಿರುಬಿಟ್ಟಳು.

ಆಗ ಹುಡುಗಿ ಅವಳ ಸೆರಗು ಹಿಡಿದೆಳೆದಳು. "ದೊಡ್ಡಮ್ಮ, ಹಿಂದಿನ ಬೀದಿ ನನ್ನ ಗೆಳತಿ ಇದ್ದಾಳಲ್ಲ... ಅವಳಿಗೂ ಹಿಂಗೇ ತುರಿಕೆ ಆಗಿತ್ತು. ಅವರಮ್ಮಂಗೆ ಹೇಳೋಕೆ ಭಯ. ಬೆಳಿಗ್ಗೆ ಒಂದು ಬಾಟ್ಲಿ ಕೊಟ್ಟೆ. ನೀರು ಬೆರೆಸಿಲ್ಲ."

"ನಿಂಗೇ ಉರೀತಿತ್ತಲ್ಲೇ!"

"ಉರಿದ್ರೆ ರೋಗ ಸಾಯ್ತಿದೆ ಅಂದ್ಕೊಂಡೆ."

ಹುಡುಗಿಯನ್ನು ಡಾಕ್ಟರಮ್ಮನ ಬಳಿ ಬಿಟ್ಟು, ಬ್ಲೀಚಿಂಗಮ್ಮ ಚಪ್ಪಲಿಯನ್ನೂ ಮರೆತು ಓಡಿದಳು. ಗೆಳತಿಯ ತಾಯಿ ಬಾಗಿಲು ತೆರೆದು, "ಅವಳಾ? ಸ್ನಾನಕ್ಕೆ ಹೋಗಿದ್ದಾಳೆ. ಯಾಕಕ್ಕಾ?" ಎಂದು ನಕ್ಕಳು.

ಬಚ್ಚಲ ಬಾಗಿಲಿಗೆ ಒಳಗಿನಿಂದ ಚಿಲಕ. ಕೆಳಗಿನ ಸಂದಿಯಿಂದ ಆ ವಾಸನೆ ಬರುತ್ತಿತ್ತು.

"ಬಾಗ್ಲು ತೆಗಿ ಕಂದಾ!" ಬ್ಲೀಚಿಂಗಮ್ಮ ಎರಡೂ ಕೈಯಿಂದ ಬಡಿದಳು. "ಯಾರೂ ಬಯ್ಯಲ್ಲ ಕಣೇ, ತೆಗಿ!"