ಕಾಕಾನ ಹಿಮ್ಮಡಿಯ ಮೊಳೆ

1975ರ ಡಿಸೆಂಬರ್ ಮೊದಲ ವಾರದಲ್ಲಿ ನಮ್ಮ ಕಾಕಾ ಅಕ್ಕಲಕೋಟದ ತಮ್ಮ ಬಟ್ಟೆ ಅಂಗಡಿಯ ಏಣಿಯಿಂದ ಬಿದ್ದು ಬಲಗಾಲಿನ ಹಿಮ್ಮಡಿ ಮುರಿದುಕೊಂಡರು. ಸೊಲ್ಲಾಪುರದ ಎಲುಬಿನ ಡಾಕ್ಟರರು ಎಕ್ಸ್‌ರೇ ನೋಡಿ, ಎಲುಬು ಒಳಗೆ ಕುಸಿದಿದೆ, ಹಾಗೇ ಬಿಟ್ಟರೆ ಜೀವಮಾನವೆಲ್ಲ ಕುಂಟಬೇಕಾಗುತ್ತದೆ ಎಂದರು. ಕೊಯ್ದರೆ ಹಿಮ್ಮಡಿಯ ಚರ್ಮ ಬೇಗ ಕೂಡುವುದಿಲ್ಲ, ಕೊಳೆಯುತ್ತದೆ. ಆದ್ದರಿಂದ ಅವರು ಹಿಂದಿನಿಂದ ಒಂದೇ ಸಣ್ಣ ತೂತು ಮಾಡಿ, ಉಕ್ಕಿನ ಮೊಳೆ ತೂರಿಸಿ, ಅದರಿಂದಲೇ ಕುಸಿದ ಎಲುಬನ್ನು ಮೀಟಿ ಎತ್ತಿದರು. ಪ್ಲಾಸ್ಟರು ಹಾಕಿದ ಮೇಲೆ ಮೊಳೆಯ ತುದಿ ಎರಡು ಬೆರಳಿನಷ್ಟು ಹೊರಗೆ ಉಳಿಯಿತು. ಅದರ ಬುಡಕ್ಕೆ ಸ್ಪಿರಿಟ್ಟಿನಲ್ಲಿ ನೆನೆಸಿದ ಬಟ್ಟೆ ಸುತ್ತಿದರು.

"ಎರಡ ತಿಂಗಳ ಇದನ್ನ ಯಾರೂ ಮುಟ್ಟಬಾರದು," ಎಂದು ಡಾಕ್ಟರರು ಕಾಕಾನ ಹೆಂಡತಿ ಕಾಕುಗೆ ಹೇಳಿದರು. "ಕೀವು ಎಲುಬಿಗೆ ಇಳೀತಂದ್ರ ಮೊಳಿ ಕೀಳಬೇಕಾಗ್ತದ. ಮೊಳಿ ಕಿತ್ರ ಎಲುಬು ಮತ್ತ ಕುಸೀತದ."

ಮೊಳೆಗೆ ಕೈ ತಾಗಿಸದೆ ದಿನಾ ಬಟ್ಟೆ ಬದಲಿಸುವ ಕೆಲಸ ನನ್ನದಾಯಿತು. ಜನವರಿ ಬರುವ ಹೊತ್ತಿಗೆ ತೂತಿನ ಅಂಚು ಒಣಗಿತ್ತು. ವಾಸನೆ ಇರಲಿಲ್ಲ.

ಆಮೇಲೆ ಸಂಕ್ರಾಂತಿ ಬಂತು. ನಮ್ಮ ಮನೆತನದಲ್ಲಿ ಆ ದಿನ ಹಿರಿಯರ ಕೈಯಿಂದ ಎಳ್ಳು-ಬೆಲ್ಲ ಇಸಿದುಕೊಂಡು ಅವರ ಕಾಲು ಮುಟ್ಟಿ ನಮಸ್ಕರಿಸಬೇಕು. ಎಲ್ಲರಿಗೂ ಹಿರಿಯರು ಕಾಕಾ. ಎರಡು ತಲೆದಿಂಬಿನ ಮೇಲೆ ಕಾಲಿಟ್ಟು ಗಾದಿಯ ಮೇಲೆ ಕುಳಿತಿದ್ದರು. ಮೊದಲು ಬಂದ ಅಳಿಯ ಎಡಗಾಲಷ್ಟೇ ಮುಟ್ಟಿದ.

"ಒಂಟಿ ಪಾದ ಮುಟ್ಟಬಾರದ್ರಿ, ಎರಡೂ ಮುಟ್ಟರಿ," ಎಂದರು ಕಾಕು. ಡಾಕ್ಟರರ ಮಾತು ಕೇಳಿಸಿಕೊಂಡವರು ಅವರೇ.

ಆಮೇಲೆ ಕಾಕಾ ತಾವೇ ಮೊಳೆಗೆ ಸುತ್ತಿದ ಬಟ್ಟೆ ಬಿಚ್ಚಿಸಿದರು. "ಕೊಯ್ದಿಲ್ಲ, ಹೊಲಿದಿಲ್ಲ. ಒಂದ ತೂತ. ನೋಡ್ರಿ!"

ಬಂದವರೆಲ್ಲ ನೋಡಿದರು. ಒಬ್ಬರು ಮೊಳೆ ಹಿಡಿದು ಅಲ್ಲಾಡಿಸಿಯೂ ನೋಡಿದರು.

"ಏಕದಮ್ ಘಟ್ಟಿ ಅದ ಬಿಡ್ರಿ. ಅಂಗಿ ಸಿಗಹಾಕಬಹುದು."

ಕಾಕಾ ನಕ್ಕರು. ಎಲ್ಲರ ಬೆರಳಿಗೂ ಬೆಲ್ಲ ಮೆತ್ತಿತ್ತು.

"ಕಾಕಾ, ಡಾಕ್ಟರ್ ಏನ ಹೇಳ್ಯಾರ?" ಎಂದೆ.

"ಹಬ್ಬದ ದಿನಾ ಬಂದವರಿಗೆ ಕಾಲ ಮುಟ್ಟಬ್ಯಾಡ್ರಿ ಅನ್ನಲೇನು? ಬಾಳ ಶಾಣ್ಯಾ ಆಗೀದಿ. ಮೊದಲ ನೀ ನಮಸ್ಕಾರ ಮಾಡು."

ಮಾಡಿದೆ. ಎರಡೂ ಪಾದ ಮುಟ್ಟಿದೆ.

ಮರುದಿನ ಬೆಳಿಗ್ಗೆ ತಲೆದಿಂಬಿನ ಮೇಲಿಂದ ಇರುವೆಗಳ ಸಾಲು ಹೊರಟು ಪ್ಲಾಸ್ಟರಿನೊಳಗೆ ಹೋಗುತ್ತಿತ್ತು. ಬಟ್ಟೆಗೆ ಎಳ್ಳು ಅಂಟಿತ್ತು. ನಾಲ್ಕನೆಯ ದಿನ ಮೊಳೆಯ ಬುಡದಲ್ಲಿ ಹಳದಿ ಕೀವು ಕಂಡಿತು, ವಾರದಲ್ಲಿ ಅದು ಹಸಿರಾಯಿತು. ಪ್ಲಾಸ್ಟರು ಒಳಗಿನಿಂದ ನೆಂದು ಕಂದಿತು. ಸತ್ತ ಇಲಿಯ ವಾಸನೆ. ಕಾಕು ಕೋಣೆಯಲ್ಲಿ ಊದಿನಕಡ್ಡಿ ಹಚ್ಚಿಟ್ಟರು. ಎರಡೂ ವಾಸನೆ ಕೂಡಿ ನನಗೆ ಆ ಮನೆಯ ಅನ್ನ ಸೇರಲಿಲ್ಲ. ನೋಡಲು ಬಂದವರು ಮೂಗಿಗೆ ಸೆರಗು ಹಿಡಿದು, ಚಹಾ ಕುಡಿದೇ ಹೋದರು.

"ಕೆಟ್ಟ ರಕ್ತ ಹೊರಗ ಬರಾಕತ್ತದ, ಚಲೋನ ಆತು," ಎಂದರು ಮೊಳೆ ಅಲ್ಲಾಡಿಸಿದವರು.

ಆ ಮಾತು ನಂಬಿ ಕಾಕಾ ಇನ್ನೂ ನಾಲ್ಕು ದಿನ ಕಳೆದರು. ಜ್ವರ ಏರಿದ ಮೇಲೆ ಸೊಲ್ಲಾಪುರದ ಬಸ್ಸು ಹತ್ತಿದೆವು. ವಳಸಂಗ ದಾಟುವಷ್ಟರಲ್ಲಿ ನಮ್ಮ ಹಿಂದಿನ ಸೀಟಿನವರು ಎದ್ದು ಹೋಗಿ ಬಾಗಿಲ ಹತ್ತಿರ ನಿಂತಿದ್ದರು.

ಡಾಕ್ಟರರು ಪ್ಲಾಸ್ಟರು ಕತ್ತರಿಸಿ, ಒಳಗೆ ಅಂಟಿದ್ದ ಎಳ್ಳನ್ನು ಚಿಮಟದಿಂದ ಎತ್ತಿ ನೋಡಿದರು. ಆಮೇಲೆ, "ಸಾವಕಾರ್ರ, ಗಿರಾಕಿ ಮುಟ್ಟಿ ನೋಡಾಕ ಇದೇನ ಚಾದರ ಏನ್ರಿ?" ಎಂದರು.

"ಹಬ್ಬ ಇತ್ತರಿ," ಎಂದರು ಕಾಕಾ.

ಇಕ್ಕಳದಿಂದ ಮೊಳೆ ಎಳೆದರು. ಅದರ ಹಿಂದೆಯೇ ಬೂದು ಬಣ್ಣದ ಕೀವು ತಟ್ಟೆಗೆ ಸುರಿಯಿತು. ತಟ್ಟೆ ಹಿಡಿದವನು ನಾನು.

ಮೊಳೆ ತೆಗೆದದ್ದು ಜನವರಿ ಕೊನೆಯ ವಾರ. ಕೀವು ನಿಂತದ್ದು ಏಪ್ರಿಲಿನಲ್ಲಿ. ಅಷ್ಟರಲ್ಲಿ ಎಲುಬು ಮತ್ತೆ ಕುಸಿದಿತ್ತು. 1979ರಲ್ಲೂ ಕಾಕಾ ಕೋಲು ಹಿಡಿದೇ ನಡೆಯುತ್ತಿದ್ದರು; ಬಲಗಾಲಿಗೆ ಎಡಗಾಲಿಗಿಂತ ಅಗಲವಾದ ಚಪ್ಪಲಿ ಹೊಲಿಸುತ್ತಿದ್ದರು.