ಆ ಬಾಗಿಲನ್ನು ಗಾಳಿ ಮುಚ್ಚಲಿಲ್ಲ

ಕೊಲ್ಲಿ ನಾಡಿನ ಗುದೈಬಿಯಾದಲ್ಲಿರುವ ನಮ್ಮ ಕಟ್ಟಡದಲ್ಲಿ ಇಂದಿಗೂ ಚಾಲ್ತಿಯಲ್ಲಿರುವ ಕಥೆ ಹೀಗಿದೆ: ಆ ಶುಕ್ರವಾರ ಶಮಾಲ್ ಗಾಳಿ ಧೂಳೆಬ್ಬಿಸಿ ಬೀಸುತ್ತಿತ್ತು; ನನ್ನ ಎದುರುಮನೆಯ ಹುಡುಗಿ ತನ್ನ ಕೋಣೆಯ ಚೌಕಟ್ಟಿಗೆ ಕೈ ಊರಿ ನಿಂತಿದ್ದಳು; ಬಾಗಿಲು ರಪ್ಪನೆ ಬಡಿದು ಅವಳ ಬಲಗೈಯ ಎರಡು ಬೆರಳು ಮುರಿದವು. ಈ ಕಥೆ ಹೇಳುವವರಾರೂ ಅಂದು ಅಲ್ಲಿರಲಿಲ್ಲ. ನಾನೂ ಇರಲಿಲ್ಲ, ಕಿರುಚಾಟ ಕೇಳಿ ಓಡಿ ಹೋದವನು. ಆದರೆ ನಾಲ್ಕು ಜನ ಒಟ್ಟಾಗಿ ಹೇಳಿದ ಮಾತ್ರಕ್ಕೆ ಯಾವುದನ್ನೂ ನಾನು ಮುಟ್ಟಿ ನೋಡದೆ ಒಪ್ಪಿದವನಲ್ಲ. ಹೆಸರುಗಳನ್ನು ಬಿಟ್ಟು ಬರೆಯುತ್ತಿರುವುದಕ್ಕೆ ಕಾರಣ ಮುಂದೆ ತಾನಾಗಿ ತಿಳಿಯುತ್ತದೆ.

ಹುಡುಗಿಯ ತಂದೆಯೂ ನಾನೂ ಉಡುಪಿ ಕಡೆಯವರು. ಇಲ್ಲಿಯ ಮೀನಾ ಸಲ್ಮಾನ್ ಬಂದರಿನಲ್ಲಿ ಹಡಗು ದುರಸ್ತಿ ಮಾಡುವ ಒಂದೇ ವರ್ಕ್‌ಶಾಪಿನಲ್ಲಿ ದುಡಿದವರು. ಅವನು ನನಗಿಂತ ಬಹಳ ಚಿಕ್ಕವನು, ನನ್ನನ್ನು ಅಣ್ಣ ಎನ್ನುತ್ತಾನೆ; ಮಗಳಿಗೆ ನಾನು ಅಜ್ಜ. ನಮ್ಮ ಫೋರ್‌ಮನ್ ಸ್ಪ್ಯಾನರಿನಿಂದ ಪಾಠ ಹೇಳುತ್ತಿದ್ದ. ತಪ್ಪು ನಟ್ಟಿಗೆ ಕೈ ಹಾಕಿದರೆ ಬೆರಳಿನ ಗೆಣ್ಣಿಗೆ ಪೆಟ್ಟು, ಎದುರು ಮಾತಾಡಿದರೆ ಕಪಾಳಕ್ಕೆ. ಒಮ್ಮೆ ಇವನ ಹುಬ್ಬು ಸೀಳಿ ಎಂಜಿನ್ ರೂಮಿನ ನೆಲದ ಮೇಲೆ ರಕ್ತ ಸುರಿದಾಗ, ಡೀಸೆಲ್ ಒರೆಸುವ ಬಟ್ಟೆಯಿಂದಲೇ ಅದನ್ನೂ ಒರೆಸಿ ಕೆಲಸ ಮುಂದುವರಿಸಿದೆವು. ಆ ಗಾಯದ ಗುರುತನ್ನು ಇವನು ಪದವಿಯಂತೆ ತೋರಿಸುತ್ತಿದ್ದ. "ಪೆಟ್ಟು ತಿಂದೇ ಅಲ್ವಾ ಅಣ್ಣ ನಾವು ಕಲ್ತದ್ದು?" ಎನ್ನುತ್ತಿದ್ದ. ಇದು ಶುದ್ಧ ಸುಳ್ಳು. ನಾನು ಕಲಿತದ್ದೆಲ್ಲ ಫೋರ್‌ಮನ್ ಊಟಕ್ಕೆ ಹೋಗಿದ್ದಾಗ, ಕಸಕ್ಕೆ ಎಸೆದ ಎಂಜಿನ್ ಕೈಪಿಡಿಗಳನ್ನು ನಿಘಂಟಿನ ಸಹಾಯದಿಂದ ಓದಿ. ಪೆಟ್ಟು ಬಿದ್ದ ದಿನಗಳಿಂದ ನನಗೆ ಉಳಿದಿರುವುದು ಪೆಟ್ಟಿನ ನೆನಪು ಮಾತ್ರ.

ಮಗಳ ಹನ್ನೆರಡನೆಯ ತರಗತಿಯ ಅಂಕಗಳು ಸಾಧಾರಣ. ಗಣಿತದಲ್ಲಿ ಅದಕ್ಕಿಂತ ಕಡಿಮೆ. ತಂದೆ ಮಂಗಳೂರಿನಲ್ಲಿ ಅನಿವಾಸಿಗಳ ಕೋಟಾದಡಿ ಇಂಜಿನಿಯರಿಂಗ್ ಸೀಟು ಮಾತಾಡಿ ಬಂದಿದ್ದ. ಅವಳಿಗೆ ಬೇಕಾದದ್ದು ಇಲ್ಲಿಯೇ ಇರುವ ಒಂದು ಕಮ್ಯುನಿಟಿ ಕಾಲೇಜು. ಎರಡು ವರ್ಷದ ಡಿಪ್ಲೊಮಾ, ಆಮೇಲೆ ಬೇಕೆಂದರೆ ಪದವಿಯ ಮೂರನೆಯ ವರ್ಷಕ್ಕೆ ಸೇರಬಹುದು. ನಮ್ಮವರಲ್ಲಿ ಆ ಕಾಲೇಜಿನ ಬಗ್ಗೆ ಒಂದೇ ಅಭಿಪ್ರಾಯ: ಎಲ್ಲಿಯೂ ಸೀಟು ಸಿಗದವರು ಕಾಲಹರಣ ಮಾಡುವ ಜಾಗ. ಹೇಳಿದವರಲ್ಲಿ ಒಬ್ಬರಾದರೂ ಅದರ ಗೇಟು ದಾಟಿದ್ದರೇ ಎಂದು ವಿಚಾರಿಸಿದೆ. ಯಾರೂ ದಾಟಿರಲಿಲ್ಲ. ಆದ್ದರಿಂದ ನಾನೇ ಹುಡುಗಿಯ ಜೊತೆ ಹೋದೆ.

ತರಗತಿಯ ಬಾಗಿಲು ತೆರೆದಿತ್ತು. ಉಗುರಿನಲ್ಲಿ ಗ್ರೀಸು ಉಳಿದಿದ್ದ ಒಬ್ಬ ಗಂಡಸು, ಸಮವಸ್ತ್ರ ಬದಲಿಸದೆ ಡ್ಯೂಟಿಯಿಂದ ನೇರ ಬಂದಿದ್ದ ಒಬ್ಬ ನರ್ಸ್, ಮೀಸೆ ಮೂಡದ ಹುಡುಗರು, ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತಿದ್ದರು. ಅಧ್ಯಾಪಕಿ ಆ ಗಂಡಸಿನ ಬಳಿ ಬಂದು ಎಲ್ಲಿಂದ ಅರ್ಥವಾಗುತ್ತಿಲ್ಲ ಎಂದು ಕೇಳಿದರು. ಅವನು ನಾಚಿಕೊಂಡೇ, ಭಿನ್ನರಾಶಿಯಿಂದ ಎಂದ. "ಸರಿ, ಅಲ್ಲಿಂದಲೇ ಶುರು ಮಾಡೋಣ" ಎಂದು ಅವರು ಹಿಂದಿಯಲ್ಲಿ ಹೇಳಿ ಬೋರ್ಡು ಒರೆಸಿದರು. ನಾನು ಅಲ್ಲಿಯೇ ನಿಂತುಬಿಟ್ಟೆ. ಸ್ವಂತವಾಗಿ ಕಲಿತವನಿಗೆ ಎಲ್ಲವೂ ಇರಬಹುದು, ಆರಂಭವೊಂದು ಇರುವುದಿಲ್ಲ. ನಾನು ತ್ರಿಕೋನಮಿತಿಯನ್ನು ಕಷ್ಟಪಟ್ಟು ಕಲಿತು, ಭಿನ್ನರಾಶಿ ಗೊತ್ತಿಲ್ಲವೆಂಬುದನ್ನು ಆಮೇಲೆ ಕಂಡುಕೊಂಡವನು. ನಿನಗೆ ಎಲ್ಲಿಂದ ಬೇಕು ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಮೆಟ್ಟಿಲಿಳಿಯುವಾಗ ಹುಡುಗಿಗೆ ಹೇಳಿದೆ: "ಇದು ಒಳ್ಳೆ ಜಾಗ ಮಗಾ. ಬಿಡಬೇಡ." ಭಾನುವಾರ ಬೆಳಿಗ್ಗೆ ಪ್ರವೇಶಕ್ಕೆ ಪರೀಕ್ಷೆಯಿತ್ತು.

ಅದಕ್ಕೂ ಮೊದಲು ಬಂದ ಶುಕ್ರವಾರ ಬೆಳಿಗ್ಗೆ ನಮ್ಮ ಊರವರ ಸಂಘದ ಪ್ರತಿಭಾ ಪುರಸ್ಕಾರ. ಹನ್ನೆರಡನೆಯ ತರಗತಿ ಮುಗಿಸಿದ ಮಕ್ಕಳಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಮುಂದೆ ಯಾವ ಕಾಲೇಜು ಎಂಬುದನ್ನು ಮೈಕಿನಲ್ಲಿ ಸಾರುವುದು ಇಲ್ಲಿಯ ಪದ್ಧತಿ. ತಂದೆ ಮಗಳನ್ನು ಕೇಳದೆ ಮಂಗಳೂರಿನ ಇಂಜಿನಿಯರಿಂಗ್ ಎಂದು ಹೇಳಿಸಿಟ್ಟಿದ್ದ. ನಿರೂಪಕ ಅದನ್ನೇ ಸಾರಿದ, ಚಪ್ಪಾಳೆಯೂ ಆಯಿತು. ಹುಡುಗಿ ಮೈಕು ಕೇಳಿ ಪಡೆದು, "ಅಲ್ಲ. ನಾನು ಇಲ್ಲೇ ಕಮ್ಯುನಿಟಿ ಕಾಲೇಜಿಗೆ ಹೋಗುದು" ಎಂದಳು. ಹಿಂದಿನ ಸಾಲಿನಿಂದ ಯಾರೋ, "ಮಾರಾಯ, ಅದಕ್ಕೂ ಶಾಲು ಉಂಟಾ?" ಎಂದರು. ಸಭೆ ನಕ್ಕಿತು. ತಂದೆ ಮಾತ್ರ ಎರಡೂ ಮುಷ್ಟಿಗಳನ್ನು ತೊಡೆಯ ಮೇಲಿಟ್ಟು ಕುಳಿತಿದ್ದ.

ಮಧ್ಯಾಹ್ನ ಆ ಕಿರುಚಾಟ ಕೇಳಿತು. ನಾನು ಹೋದಾಗ ಹುಡುಗಿ ಕೋಣೆಯ ಹೊಸ್ತಿಲಲ್ಲಿ ಕುಸಿದು ಕುಳಿತಿದ್ದಳು. ಶಾಲು ಕೈಗೆ ಸುತ್ತಿತ್ತು, ಶಾಲಿನ ಜರಿ ಕೆಂಪಾಗಿತ್ತು. ಕೆನ್ನೆಯ ಮೇಲೆ ಐದು ಬೆರಳುಗಳೂ ಮೂಡಿದ್ದವು. ತಂದೆ ಗೋಡೆಯ ಕಡೆ ತಿರುಗಿ, "ಗಾಳಿಗೆ ಬಾಗಿಲು ಬಿತ್ತು ಅಣ್ಣ" ಎಂದ. ಕೆನ್ನೆಗೂ ಗಾಳಿಯೇ ಹೊಡೆಯಿತೇ ಎಂದು ನಾನು ಕೇಳಿದೆ. ನಾನೇ ಹುಡುಗಿಯನ್ನು ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಕರೆದೊಯ್ದೆ.

ಆಸ್ಪತ್ರೆಯ ನರ್ಸ್ ನಮ್ಮ ಕರಾವಳಿಯ ಕೊಂಕಣಿ ಹೆಂಗಸು. ಬೆರಳು ನೋಡಿ, ಕೆನ್ನೆ ನೋಡಿ, ಮೆಲ್ಲನೆ ಕೇಳಿದಳು: "ಹೇಗಾಯ್ತು ಮಗಾ? ನಿಜ ಹೇಳು, ಹೆದರ್ಬೇಡ."

"ಗಾಳಿಗೆ ಬಾಗಿಲು ಬಿತ್ತು ಸಿಸ್ಟರ್."

ನಾನು ಬಾಯಿ ತೆರೆದೆ. ಹುಡುಗಿ ಪೆಟ್ಟಾಗದ ಕೈಯಿಂದ ನನ್ನ ಅಂಗಿಯ ತುದಿಯನ್ನು ಹಿಡಿದೆಳೆದಳು. ನರ್ಸ್ ಅತ್ತ ಹೋದ ಮೇಲೆ ಹೇಳಿದಳು: "ಅಜ್ಜ, ಕೇಸ್ ಆದ್ರೆ ಅಪ್ಪನ ವೀಸಾ ಹೋಗ್ತದೆ. ಅವರದ್ದು ಹೋದ್ರೆ ನನ್ನದೂ ಹೋಯ್ತು. ಮತ್ತೆ ಎಲ್ಲಿಯ ಕಾಲೇಜು? ನನಗೆ ಈ ಊರಲ್ಲಿ ಎರಡು ವರ್ಷ ಬೇಕು. ಗಾಳಿ ಅಂತಲೇ ಹೇಳಿ."

ನಾನು ಹೇಳಲಿಲ್ಲ. ಬೇರೆಯದನ್ನೂ ಹೇಳಲಿಲ್ಲ. ಮನೆಗೆ ಬಂದವನು, ಯಾರಿಗೂ ಸಾಕ್ಷಿ ಬೇಕಿಲ್ಲದಿದ್ದರೂ, ಅವರ ಹಾಲಿನ ಕಿಟಕಿಯನ್ನು ಪೂರ್ತಿ ತೆರೆದೆ. ಶಮಾಲ್ ಮುಖಕ್ಕೆ ಮರಳು ಎರಚಿತು, ಗೋಡೆಯ ಕ್ಯಾಲೆಂಡರ್ ಹಾರಿ ಬಿತ್ತು. ಹಾಲಿನ ಕಡೆಗೆ ತೆರೆಯುವ ಆ ಬಾಗಿಲು ಗೇಣುದ್ದ ಸರಿದು ದಪ್ಪ ಕಾರ್ಪೆಟ್ಟಿಗೆ ಸಿಕ್ಕಿ ನಿಂತಿತು. ಅದನ್ನು ಚೌಕಟ್ಟಿಗೆ ಸೇರಿಸಲು ನಾನು ಭುಜ ಕೊಟ್ಟು ತಳ್ಳಬೇಕಾಯಿತು. ತಂದೆ ಸೋಫಾದಲ್ಲಿ ಕುಳಿತು ಎಲ್ಲವನ್ನೂ ನೋಡಿದ. "ಆಯ್ತಾ ನಿಮ್ಮ ಪರೀಕ್ಷೆ?" ಎಂದ. "ನನ್ನದಾಯ್ತು. ಅವಳದ್ದು ಭಾನುವಾರ ಉಂಟು" ಎಂದೆ.

ಭಾನುವಾರ ಬೆಳಿಗ್ಗೆ ಹುಡುಗಿಯ ತಾಯಿ ನನ್ನ ಬಾಗಿಲು ತಟ್ಟಿದಳು. ಅವಳ ತುಟಿಯೂ ಒಡೆದಿತ್ತು. "ಅಣ್ಣ, ಅವಳನ್ನು ಒಳಗೆ ಹಾಕಿ ಬೀಗ ಹಾಕಿದ್ದಾರೆ. ಕೀ ಕೊಡುದಿಲ್ಲ. ಪರೀಕ್ಷೆ ಮುಗಿಯುವ ತನಕ ತೆಗಿಯುದಿಲ್ಲ ಅಂತ."

ನಾನು ಸುತ್ತಿಗೆಯನ್ನೂ ದಪ್ಪ ಸ್ಕ್ರೂಡ್ರೈವರನ್ನೂ ತೆಗೆದುಕೊಂಡು ಹೋದೆ. ಬೀಗದ ತಂಟೆಗೆ ಹೋಗಲಿಲ್ಲ. ಕೀಲುಗಳು ಹಾಲಿನ ಕಡೆಯಲ್ಲೇ ಇದ್ದವು. ಕೆಳಗಿನ ಕೀಲಿನ ಕಡ್ಡಿಯನ್ನು ಹೊಡೆದು ತೆಗೆಯುವಷ್ಟರಲ್ಲಿ ಅವನು ನನ್ನ ಕೊರಳಪಟ್ಟಿಗೆ ಕೈ ಹಾಕಿದ.

"ನನ್ನ ಮನೆ, ನನ್ನ ಮಗಳು! ನೀವು ಯಾರು? ಕಸದ ಪುಸ್ತಕ ಓದಿ ಪಂಡಿತ ಆದವರು!"

"ಹೌದು. ಅವಳಿಗೆ ಕಸದ್ದು ಬೇಡ ಅಂತಲೇ ಬಂದದ್ದು."

ಮುಷ್ಟಿ ನನ್ನ ಬಾಯಿಗೆ ಬಿತ್ತು. ಮುಂದಿನ ಹಲ್ಲು ಮುರಿದು ನಾಲಿಗೆಯ ಮೇಲೆ ಬಂತು, ಉಗಿದೆ. ಮಧ್ಯದ ಕಡ್ಡಿ ತೆಗೆದೆ. ಅವನು ಪಕ್ಕೆಗೆ ಒದ್ದ, ನಾನು ಮಂಡಿಯೂರಿದೆ, ಎದ್ದು ಮೇಲಿನದಕ್ಕೆ ಹೊಡೆದೆ. ಕೈಯಲ್ಲಿ ಸುತ್ತಿಗೆಯಿತ್ತು. ಒಂದು ಕ್ಷಣ ಅವನ ಹುಬ್ಬಿನ ಹಳೆಯ ಗಾಯ ನನ್ನ ಕಣ್ಣಿಗೆ ಬಹಳ ಹತ್ತಿರವಿತ್ತು. ಅಲ್ಲಿಗೆ ಹೊಡೆಯುವ ಆಸೆ ನನಗಾಯಿತು. ಆಗಲಿಲ್ಲ ಎಂದು ಬರೆದರೆ ಈ ಬರಹವೂ ಮತ್ತೊಂದು ಗಾಳಿಯ ಕಥೆಯಾಗುತ್ತದೆ. ಸುತ್ತಿಗೆ ಕೀಲಿಗೇ ಬಿತ್ತು. ಬಾಗಿಲು ಬೀಗದ ಸಮೇತ ಚೌಕಟ್ಟಿನಿಂದ ಕಿತ್ತು ಬಂದು ಶೋಕೇಸಿನ ಮೇಲೆ ಉರುಳಿತು. ಗಾಜು, ಪದಕ, ಫಲಕಗಳೆಲ್ಲ ನೆಲಕ್ಕೆ ಸುರಿದವು.

ಹುಡುಗಿ ಆಗಲೇ ಉಡುಪು ಧರಿಸಿ, ಬ್ಯಾಂಡೇಜಿನ ಕೈಯನ್ನು ಎದೆಗೊತ್ತಿ ನಿಂತಿದ್ದಳು. ಚಪ್ಪಲಿ ಕಾಲಿನಲ್ಲೇ ಗಾಜು ತುಳಿದು ಹೊರಬಂದಳು. ತಂದೆ ಕೈ ಎತ್ತಿದ. ಅವಳು ಸರಿಯಲಿಲ್ಲ. "ಹೊಡಿರಿ ಅಪ್ಪ. ಇನ್ನೊಂದು ಕೈಯಲ್ಲಿ ಬರೀತೇನೆ ಅಂತ ಇದ್ದೆ. ಅದಕ್ಕೂ ಹೊಡಿರಿ" ಎಂದಳು. ಎತ್ತಿದ ಕೈ ಅಲ್ಲಿಯೇ ನಿಂತಿತು. ತಾಯಿ ಮಗಳು ಟ್ಯಾಕ್ಸಿ ಹಿಡಿದರು. ನಾನು ಬಾಯಿಗೆ ಟವೆಲು ಒತ್ತಿಕೊಂಡು, ಬಾಗಿಲನ್ನು ನನ್ನ ಮನೆಗೆ ಎಳೆದೊಯ್ದೆ.

ಎಡಗೈಯಲ್ಲಿ ಬರೆದ ಪರೀಕ್ಷೆಯ ಫಲವಾಗಿ ಅವಳನ್ನು ಗಣಿತದ ತೀರಾ ಕೆಳಗಿನ ತರಗತಿಗೆ ಹಾಕಿದರು. ಸಂಘದವರು ಮತ್ತೊಮ್ಮೆ ನಕ್ಕರು. ನಾನು ನಗಲಿಲ್ಲ. ಅಲ್ಲಿ ಭಿನ್ನರಾಶಿಯಿಂದ ಶುರು ಮಾಡುತ್ತಾರೆ.

ಈಗ ಅವಳು ಎರಡನೆಯ ವರ್ಷದಲ್ಲಿದ್ದಾಳೆ. ಆ ಎರಡು ಬೆರಳು ಪೂರ್ತಿ ಮಡಚುವುದಿಲ್ಲ. ಕೋಣೆಗೆ ಬಹುಕಾಲ ಪರದೆಯಷ್ಟೇ ಇತ್ತು. ಕಳೆದ ತಿಂಗಳು ತಂದೆ ಬಂದು ನನ್ನ ಹೊಸ್ತಿಲಾಚೆ ನಿಂತ. ಆ ಭಾನುವಾರದ ನಂತರ ನಾವು ಮಾತಾಡಿರಲಿಲ್ಲ.

"ಅಣ್ಣ, ಬಾಗಿಲು ಬೇಕಿತ್ತು. ಅವಳಿಗೆ ಓದುವಾಗ ಟಿವಿ ಶಬ್ದ ಆಗ್ತದೆ."

ನಾನು ಅವನನ್ನು ನಂಬಲಿಲ್ಲ. ಈಗಲೂ ಪೂರ್ತಿ ನಂಬಿಲ್ಲ. ಬೀಗವನ್ನು ಕಿತ್ತು, ಅದರ ತೂತಿಗೆ ಮರದ ತುಂಡು ಬಡಿದು, ಆಮೇಲೆ ಬಾಗಿಲಿನ ಒಂದು ತುದಿಯನ್ನು ಅವನ ಕೈಗೆ ಕೊಟ್ಟೆ. ಇಬ್ಬರೂ ಹೊತ್ತು ತಂದು ಕೀಲಿಗೆ ಕೂರಿಸಿದೆವು. ಇನ್ನೇನಾದರೂ ಬೇಕೇ ಎಂದು ಹುಡುಗಿಯನ್ನೇ ಕೇಳಿದೆ.

"ಒಳಗಡೆಯಿಂದ ಒಂದು ಚಿಲಕ ಹಾಕಿ ಅಜ್ಜ" ಎಂದಳು.

ನಾನು ಚಿಲಕ ಬಡಿಯುವಾಗ ಬಾಗಿಲು ಅಲುಗದಂತೆ ಹಿಡಿದು ನಿಂತವನು ತಂದೆಯೇ. ಕೆಲಸ ಮುಗಿದ ಮೇಲೆ ಅವಳು ನಮ್ಮಿಬ್ಬರನ್ನೂ ಹೊರಗೆ ಕಳುಹಿಸಿ, ಕಾರ್ಪೆಟ್ಟನ್ನು ಕಾಲಿನಿಂದ ಸರಿಸಿ, ಬಾಗಿಲು ಮುಚ್ಚಿಕೊಂಡಳು. ಮಡಚದ ಬೆರಳುಗಳಿಗೆ ಹೊಸ ಚಿಲಕ ಬಿಗಿಯಾಗಿತ್ತು. ಅದು ಸರಿದು ಕೂರುವ ಶಬ್ದ ಬರುವ ತನಕ ನಾವಿಬ್ಬರೂ ಹಾಲಿನಲ್ಲಿ ನಿಂತೇ ಇದ್ದೆವು.